ಸದ್ದಿಲ್ಲದ ಸಾಲು

ವೇಣಿ ಮಾತಾಡುವಾಗ ಹರ್ಷವರ್ಧನನ ತುಟಿ ಅಲ್ಲಾಡುತ್ತಿತ್ತು. ಅವಳು ಅವನನ್ನು ಮೆಚ್ಚಿದ್ದೇ ಅದಕ್ಕೆ.

ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಅವಳು ಕಾಲರ್ ಹೊಲಿಯುವವಳು. ಆ ಮಷೀನುಗಳ ಗದ್ದಲದಲ್ಲಿ ಕಿವಿ ಇದ್ದೂ ಪ್ರಯೋಜನವಿಲ್ಲ. ಅಲ್ಲಿಯ ಹೆಂಗಸರು ಎದುರಿನವಳ ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. ಸೂಪರ್‌ವೈಸರ್‌ನನ್ನು ಬೈಯುವುದೂ, ಊಟಕ್ಕೇನು ತಂದೆ ಎನ್ನುವುದೂ ಸದ್ದಿಲ್ಲದೆಯೇ. ಆಡುವ ಸಾಲು ಉದ್ದವಾದರೆ ಹೊಲಿಗೆ ತಪ್ಪುತ್ತದೆ. ಹಾಗಾಗಿ ಮಾತೆಲ್ಲ ಚಿಕ್ಕದು.

ಬೇಗೂರಿನಲ್ಲಿ ವೆಂಕಟೇಶಪ್ಪನ ಬಿಲ್ಡಿಂಗಿನಲ್ಲಿ ಅವಳು ಬಾಡಿಗೆಗಿದ್ದಳು. ಹರ್ಷವರ್ಧನ ಓನರ್ ಮಗ, ಕತೆ ಬರೆಯುವವನು. ಬಾಡಿಗೆ ವಸೂಲಿಯ ದಿನ ತಾರಸಿಯಲ್ಲಿ ಸಿಕ್ಕವನನ್ನು ಅವಳು ತಡೆದು ನಿಲ್ಲಿಸಿದಳು.

"ನೀರು ಬರಲ್ಲ. ನಿಮ್ಮಪ್ಪ ಬರ್ತಾರೆ."

ಅವನು ನಗಲಿಲ್ಲ. ಅವಳ ಬಾಯನ್ನೇ ನೋಡುತ್ತ, ಆ ಮಾತನ್ನು ಪೆಪ್ಪರ್‌ಮಿಂಟಿನ ಹಾಗೆ ತನ್ನ ತುಟಿಯಲ್ಲೊಮ್ಮೆ ಹೊರಳಿಸಿಕೊಂಡ.

"ಇನ್ನೊಂದ್ಸಲ ಹೇಳಿ."

"ನೀರಿಲ್ಲ ಅಂದ್ರೆ ಖುಷಿಪಡೋ ಓನರ್ ಮಗನ್ನ ಇವತ್ತೇ ನೋಡಿದ್ದು ಗುರು!"

ಆಮೇಲೆ ಭಾನುವಾರಗಳೆಲ್ಲ ತಾರಸಿಯ ಮೇಲೆ. ಬಟ್ಟೆ ಒಣಹಾಕುತ್ತ ಅವಳು ಗಾರ್ಮೆಂಟ್ಸಿನ ಸುದ್ದಿ ಹೇಳುವಳು, ಹಗ್ಗದ ಆಚೆಯಿಂದ ಅವನು ನೋಡುವನು. ಒದ್ದೆ ದುಪಟ್ಟಾ ಸರಿಸಿ ಬೇಕಂತಲೇ ನಿಧಾನವಾಗಿ ಮಾತಾಡುವಳು, ಆ ತುಟಿ ತನ್ನ ಹಿಂದೆಯೇ ಬರಲೆಂದು. ಮದುವೆ ಮಾತು ತೆಗೆದವನು ಅವನೇ.

"ಪುಸ್ತಕ ಬರಲಿ. ಬಿಡುಗಡೆ ದಿನ ನೀನು ಯಾರು ಅಂತ ಅಮ್ಮನಿಗೆ ಹೇಳ್ತೀನಿ. ಎಲ್ಲರ ಮುಂದೆ."

ಆ ದಿನ ಬಂತು. ವೇಣಿ ಸಭಾಂಗಣದ ಹಿಂಬದಿಯಲ್ಲಿ, ಜೊತೆ ಕೆಲಸದ ಶೋಭಾರಾಣಿಯ ಪಕ್ಕ ಕೂತಳು. ವೇದಿಕೆಯಲ್ಲಿ ಪ್ರೊಫೆಸರೊಬ್ಬರು ಈ ಕತೆಗಳ ವಸ್ತು ಮತ್ತು ಶೈಲಿಯ ಬಗ್ಗೆ ಮಾತಾಡಿದರು. ವಸ್ತು, ದುಡಿಯುವ ಹೆಣ್ಣು. ಶೈಲಿ, ತುಂಡು ವಾಕ್ಯ. "'ನೀರು ಬರಲ್ಲ. ನಿಮ್ಮಪ್ಪ ಬರ್ತಾರೆ.' ಇಂಥ ಬಿಗಿ ಎಲ್ಲಿಂದ ಬಂತು?"

"ತಿದ್ದಿ ತಿದ್ದಿ ಬಂತು ಸಾರ್," ಎಂದ ಹರ್ಷವರ್ಧನ.

ಶೋಭಾರಾಣಿ ತಿವಿದಳು. "ಲೇ, ಅದು ನಿನ್ನ ಮಾತಲ್ವೇನೇ?"

"ತಗೊಳ್ಳಲಿ ಬಿಡೇ. ಆಮೇಲೆ ನನ್ನೂ ತಗೋತಾನಲ್ಲ."

ಎಲ್ಲ ಕತೆಗಳಲ್ಲೂ ಹುಡುಗಿ ಕೊನೆಗೆ ಕ್ಷಮಿಸುತ್ತಾಳೆ ಎಂದರು ಪ್ರೊಫೆಸರ್. ಅದೊಂದು ಮಾತ್ರ ವೇಣಿಯಿಂದ ಹೋದದ್ದಲ್ಲ.

ಕಾಫಿಯ ಹೊತ್ತು. ಸಭಾಂಗಣದ ಆ ತುದಿಯಲ್ಲಿ ಅವನ ತಾಯಿ ಭದ್ರಮ್ಮ ವೇಣಿಯ ಕಡೆ ಗಲ್ಲ ತಿರುಗಿಸಿ ಮಗನನ್ನು ಏನೋ ಕೇಳಿದರು. ಅಷ್ಟು ದೂರ, ಅಷ್ಟು ಗದ್ದಲ. ಕಿವಿಗೆ ಒಂದಕ್ಷರವೂ ಬೀಳಲಿಲ್ಲ. ಕಣ್ಣಿಗೆ ಎಲ್ಲ ಬಿತ್ತು.

ಯಾರ್ಲಾ ಅವಳು? ನಿನ್ನೇ ನೋಡ್ತಾವ್ಳೆ.

ಬಾಡಿಗೆಯವಳಮ್ಮ. ಕತೆಗೆ ಮಾಹಿತಿ ಕೊಡ್ತಾಳೆ. ಅಷ್ಟೇ.

ಶೋಭಾರಾಣಿಯೂ ಓದಿಬಿಟ್ಟಿದ್ದಳು. ಲೋಟ ಕೆಳಗಿಟ್ಟು ತಲೆ ತಗ್ಗಿಸಿದಳು.

ಗೇಟಿನ ಹತ್ತಿರ ಅವನು ಓಡಿ ಬಂದ. "ಹೊರಟ್ಬಿಟ್ಯಾ? ಅಮ್ಮನಿಗೆ ಹೇಳಿದೆ ಕಣೇ. ಸ್ವಲ್ಪ ಟೈಮ್ ಕೇಳಿದ್ರು."

"ಏನಂತ ಹೇಳಿದೆ?"

"ನಿನ್ನ ಬಿಟ್ಟಿರಲ್ಲ ಅಂತ."

"ಬಾಡಿಗೆಯವಳು. ಮಾಹಿತಿ ಕೊಡ್ತಾಳೆ. ಅಷ್ಟೇ."

ಅವನ ಮುಖ ಬಿಳಿಚಿತು. "ಯಾರು ಹೇಳಿದ್ದು ನಿಂಗೆ?"

"ನಿನ್ನ ಬಾಯಿ. ಅಲ್ಲಿಂದ್ಲೇ ನೋಡಿದೆ. ಹೊಲಿಗೆ ತಪ್ಪಿದ್ರೆ ಬಿಚ್ಚಿ ಹೊಲಿತೀವಿ. ಬಟ್ಟೇನೇ ಹರಿದ್ರೆ ಬಿಸಾಕ್ತೀವಿ."

ಆಗಲೂ ಅವನ ತುಟಿ ಸಣ್ಣಗೆ ಅಲ್ಲಾಡಿತು. *ಬಿಸಾಕ್ತೀವಿ.* ಅವನಿಗೇ ಗೊತ್ತಾಗಲಿಲ್ಲವೇನೋ. ತಾರಸಿಯ ಭಾನುವಾರಗಳೆಲ್ಲ ಅವಳಿಗೆ ಈಗ ಅರ್ಥವಾದವು. ಅಷ್ಟು ದಿನವೂ ಅವನು ಬಾಯಿಪಾಠ ಮಾಡಿಕೊಳ್ಳುತ್ತಿದ್ದ.

ಹೇಳಲು ಇನ್ನೊಂದು ಸಾಲು ಉಳಿದಿತ್ತು. ಸರಿಯಾದ ದಿನ ಬರಲಿ ಎಂದು ಇಟ್ಟುಕೊಂಡದ್ದು. ಅವನ ಕಣ್ಣಲ್ಲಿ ಕಣ್ಣಿಟ್ಟು, ಮಷೀನಿನ ಮುಂದೆ ಆಡುವ ಹಾಗೆ, ತುಟಿ ಮಾತ್ರ ಆಡಿಸಿದಳು.

*ನಿನ್ನ ತುಂಬ ಇಷ್ಟಪಟ್ಟಿದ್ದೆ ಕಣೋ.*

"ಏನಂದೆ? ವೇಣಿ, ಕೇಳಿಸಲಿಲ್ಲ. ಜೋರಾಗಿ ಹೇಳು."

ಅವಳು ಶೋಭಾರಾಣಿಯ ಕೈ ಹಿಡಿದು ಬಸ್ ಹತ್ತಿದಳು.