ತಾರಸಿ ಕುಂಡಗಳ ಸಾವು

ಗುಲಾಬಿ ಸತ್ತಿತ್ತು. ನಿಂಬೆ ಸತ್ತಿತ್ತು. ದಾಸವಾಳ ಸಾಯುತ್ತಿತ್ತು.

ವಾರದ ಪ್ರವಾಸ ಮುಗಿಸಿ ಬಂದ ಹಿರಿಯ ಸೊಸೆ ಕೈಚೀಲವನ್ನೂ ಕೆಳಗಿಡದೆ ತಾರಸಿಗೆ ಓಡಿದ್ದಳು. ಅವಳ ಕೂಗಿಗೆ ಎದುರುಮನೆಯವರು ಕಿಟಕಿ ತೆರೆದರು. ಹಿಂದೆಯೇ ಏದುಸಿರು ಬಿಡುತ್ತ ಬಂದ ಗಂಡ ಕುಂಡಗಳ ಕಡೆ ನೋಡಲೇ ಇಲ್ಲ. ನೆಟ್ಟಗೆ ನೀರಿನ ಟ್ಯಾಂಕಿನ ಹಿಂದೆ ಇಣುಕಿದ. ಅಲ್ಲೊಂದು ಬಾಟಲಿ ಇತ್ತು. ಕಳೆನಾಶಕ!

"ಯಾರೂ ಮುಟ್ಬೇಡಿ! ವಿಷ! ವಿಷ ಹಾಕಿದಾರೆ!"

ಯಾರೂ ಮುಟ್ಟಲಿಲ್ಲ. ಮರುದಿನ ಪೊಲೀಸ್ ಅತ್ತೆಗೆ ಕರೆ ಹೋಯಿತು.

ಪೊಲೀಸ್ ಅತ್ತೆ ಎಂದರೆ ಈ ಮನೆಯ ಅಣ್ಣತಮ್ಮಂದಿರಿಗೆ ಸೋದರತ್ತೆ. ಅಪರಾಧ ವಿಭಾಗದಲ್ಲಿ ಸವೆದು ನಿವೃತ್ತರಾದವರು. ಕಳ್ಳರನ್ನು ಕಂಡರೆ ಅವರಿಗೆ ಅಂಥ ಬೇಸರವೇನೂ ಇರಲಿಲ್ಲ. ಸಂಭಾವಿತರನ್ನು ಕಂಡರೆ ಆಗುತ್ತಿರಲಿಲ್ಲ. ಅದರಲ್ಲೂ ಸ್ವಂತ ನೆಂಟರು ಎಂದರೆ ಮುಗಿದೇ ಹೋಯಿತು. ಬರುವಾಗಲೇ ಮೂಗು ಮುರಿದುಕೊಂಡು ಬಂದರು.

ಬರುವಷ್ಟರಲ್ಲಿ ತೀರ್ಪೂ ಆಗಿತ್ತು. ಕಿರಿಯ ಸೊಸೆಯೇ ಅಪರಾಧಿ; ಗಂಡ-ಹೆಂಡತಿ ಈ ತಿಂಗಳ ಕೊನೆಗೆ ಮಹಡಿ ಖಾಲಿ ಮಾಡಬೇಕು. ಮನೆ ಅಣ್ಣನ ಹೆಸರಿನಲ್ಲಿತ್ತು.

"ನಾವಿಲ್ಲದಾಗ ನೀರು ಹಾಕಿದ್ದು ಯಾರು? ಇವಳು! ತಾರಸಿ ಬೀಗದ ಕೈ ಯಾರ ಹತ್ರ ಇತ್ತು? ಇವಳ ಹತ್ರ! ಬಟ್ಟೆ ಒಣಗಿಸೋಕೆ ಜಾಗ ಇಲ್ಲ ಅಂತ ಜಗಳ ಆಡಿದ್ದು ಯಾರು? ಇವಳೇ! ಇನ್ನೇನು ಸಾಕ್ಷಿ ಬೇಕತ್ತೆ?" ಎಂದು ಅಣ್ಣ ಎದೆ ಸೆಟೆಸಿದ.

"ಬೇಕಾದ್ದು ನಾನು ಕೇಳ್ತೀನಿ. ನೀನು ಸ್ವಲ್ಪ ಬಾಯಿ ಮುಚ್ಚು."

ಊಟ, ಮಧ್ಯಾಹ್ನದ ನಿದ್ದೆ ಎಲ್ಲ ಮುಗಿದ ಮೇಲೆ, ಸಂಜೆ, ಅತ್ತೆ ತಾರಸಿ ಹತ್ತಿದರು. ಹಿಂದೆ ಇಡೀ ಸಂಸಾರ. ಒಂದು ಮೂಲೆಯಲ್ಲಿ, ಹಳೇ ಪೇಂಟಿನ ಡಬ್ಬದಲ್ಲಿ, ಪುದೀನ ಹಸಿರಾಗಿ ಉಕ್ಕುತ್ತಿತ್ತು.

"ನೋಡಿ, ನೋಡಿ! ಅದು ಇವಳದು! ಎಲ್ಲಾ ಸತ್ತು ಇವಳ ಪುದೀನ ಮಾತ್ರ ಬದುಕಿದೆ. ಹೇಗೆ?"

"ನಾನೂ ಅದನ್ನೇ ಕೇಳ್ತಿದೀನಿ, ಹೇಗೆ ಅಂತ. ನೀನು ಕೇಳ್ತಿಲ್ಲ, ಕಿರುಚ್ತಿದೀಯ," ಎಂದು ಅತ್ತೆ ಕಿರಿಯ ಸೊಸೆಯ ಕಡೆ ತಿರುಗಿದರು. "ನೀರು ಹೇಗೆ ಹಾಕ್ತಿದ್ದೆ?"

"ಎಲ್ಲದಕ್ಕೂ ಒಂದೇ ಚೆಂಬಲ್ಲಿ ಅತ್ತೆ. ದಿನಾ ಬೆಳಿಗ್ಗೆ." ಅವಳ ಕಣ್ಣು ಊದಿತ್ತು. "ಎಲೆ ಬಾಡಿದ್ದು ನೋಡಿ ಗಾಬರಿಯಾಗಿ ಆಮೇಲೆ ಎರಡು ಹೊತ್ತು ಹಾಕಿದೆ."

"ಎಲೆ ಬಾಡೋಕೆ ಶುರು ಆಗಿದ್ದು ಯಾವಾಗ?"

"ಅಕ್ಕ ಊರಿಗೆ ಹೋಗೋಕೆ ಮುಂಚೇನೇ ಸ್ವಲ್ಪ ಹಳದಿ ಆಗಿತ್ತು."

"ಸುಳ್ಳು!" ಎಂದ ಅಣ್ಣ. ಬೇಗ ಹೇಳಿದ — ತುಸು ಹೆಚ್ಚೇ ಬೇಗ.

ಅತ್ತೆ ಸತ್ತ ಗುಲಾಬಿಯ ಕುಂಡಕ್ಕೆ ಒಂದು ಚೆಂಬು ನೀರು ಸುರಿದರು. ನೀರು ಅಲ್ಲೇ ನಿಂತಿತು. ಕಾದರು. ಕದಲಲಿಲ್ಲ. ಬೆರಳು ಹಾಕಿ ಮಣ್ಣು ಕಿತ್ತು ಹಿಸುಕಿದರೆ ಅದು ಉಂಡೆಯಾಗಿ ಕೂತಿತು, ಮೂಸಿದರೆ ಚರಂಡಿ. ಪುದೀನದ ಡಬ್ಬಕ್ಕೂ ಸುರಿದರು. ನೀರು ಸರ್ರನೆ ಇಳಿದು ತಳದ ತೂತಿನಿಂದ ಹರಿಯಿತು. ಅದರ ಮಣ್ಣು ಮುಷ್ಟಿ ಬಿಟ್ಟೊಡನೆ ಉದುರಿಹೋಯಿತು.

"ಈ ಮಣ್ಣೆಲ್ಲಿಂದ ತಂದೆ?"

"ಭಾವ ಅಂಗಡಿಯಿಂದ ತಂದ ಪಾಟಿಂಗ್ ಮಿಕ್ಸ್ ಚೀಲ ಒಂದು ಹರಿದಿತ್ತು ಅತ್ತೆ. ಗೇಟಿನ ಹತ್ರ ಬಿದ್ದಿತ್ತು. ಬಾಚಿಕೊಂಡೆ."

"ಮತ್ತೆ ಕುಂಡಗಳದು?"

"ಅದೂ ಅದೇ ಅಲ್ವಾ?" ಎಂದಳು ಹಿರಿಯ ಸೊಸೆ. "ಹೋದ ತಿಂಗಳು ಎಲ್ಲಾ ಗಿಡಾನೂ ಹೊಸ ಮಣ್ಣಿಗೆ ಬದಲಾಯಿಸಿದೆ. ಒಳ್ಳೇ ಮಿಕ್ಸೇ ತನ್ನಿ ಅಂತ ಬಾಯ್ಬಿಟ್ಟು ಕೇಳಿದ್ದೆ. ಇವರೇ ತಂದ್ರು."

"ಮೇಲೆ ಹೊತ್ತು ತಂದಿದ್ದು ಯಾರು?"

ತಮ್ಮ ಮುಂದೆ ಬಂದ. ಹೆಂಡತಿಯ ಪರವಾಗಿ ಇಷ್ಟು ಹೊತ್ತೂ ತುಟಿ ಎರಡು ಮಾಡದವನು. ಸೊಂಟಕ್ಕೆ ಅಗಲ ಪಟ್ಟಿ ಬಿಗಿದಿದ್ದ. "ನಾನು. ಗೋಣಿಚೀಲದಲ್ಲಿತ್ತು. ಎರಡು ಮೂಟೆ ಹತ್ತಿಸೋ ಹೊತ್ತಿಗೆ ಸೊಂಟ ಹಿಡೀತು. ಇನ್ನೂ ಬಿಟ್ಟಿಲ್ಲ."

"ಸೊಂಟ ಇದೆಯಾ ನಿನಗೆ? ನನಗೆ ಅನುಮಾನ ಇತ್ತು. ಇನ್ನೊಂದು ಮಾತು. ಪ್ರವಾಸ ಹೋಗೋಣ ಅಂದಿದ್ದು ಯಾರು?"

"ಇವರೇ," ಎಂದಳು ಹಿರಿಯ ಸೊಸೆ, ಇನ್ನೂ ಆ ಖುಷಿ ಆರದವಳಂತೆ. "ಮದುವೆಯಾದಾಗಿಂದ ಮೊದಲ್ನೇ ಸಲ!"

ಅತ್ತೆ ಗಂಟಲಲ್ಲೇ ನಕ್ಕರು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಟ್ಯಾಂಕಿನ ಹಿಂದೆ ಹೋಗಿ ಬಾಟಲಿಯನ್ನು ಎತ್ತಿದರು.

"ಅತ್ತೆ! ಮುಟ್ಬೇಡಿ! ವಿಷ!" ಎಂದು ಅಣ್ಣ ಕೂಗಿದ.

"ಗೊತ್ತು. ಮಧ್ಯಾಹ್ನ ನೀವೆಲ್ಲ ಮಲಗಿ ಗೊರಕೆ ಹೊಡೀತಿದ್ದಾಗ ಇದನ್ನ ಹಿಡ್ಕೊಂಡು ನರ್ಸರಿ ಅಂಗಡಿಗೆ ಹೋಗಿಬಂದೆ. ವಾಪಸ್ ಇಲ್ಲೇ ಇಟ್ಟೆ. ಈಗ ಎಲ್ಲರೂ ಹತ್ರ ಬನ್ನಿ. ಮುಚ್ಚಳ ನೋಡಿ. ಸೀಲು ಒಡೆದಿದೆಯಾ?"

ಒಡೆದಿರಲಿಲ್ಲ. ಬಾಟಲಿ ಕಂಠದವರೆಗೂ ತುಂಬಿತ್ತು.

"ಒಂದು ತೊಟ್ಟೂ ಚೆಲ್ಲದ ವಿಷ ಇಷ್ಟು ಗಿಡ ಕೊಂದಿದೆ! ಎಲ್ಲರೂ ಹೆದರಿ ದೂರ ನಿಂತ್ರಿ, ಹತ್ತಿರ ಹೋಗಿ ನೋಡೋಷ್ಟು ಬುದ್ಧಿ ಒಬ್ಬರಿಗೂ ಬರ್ಲಿಲ್ಲ. ಗಿಡ ಸತ್ತಿದ್ದು ವಿಷದಿಂದಲ್ಲ, ಉಸಿರುಕಟ್ಟಿ. ಕುಂಡಕ್ಕೆ ಹಾಕೋ ಮಿಕ್ಸ್ ಹಗುರ ಇರ್ಬೇಕು. ಕೋಕೋಪೀಟು ಅಂತಾರಲ್ಲ, ಆ ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಗೊಬ್ಬರ, ನೀರು ಇಳಿಯೋಕೆ ಜಾಗ. ಒಂದು ಚೀಲ ಹೆಂಗಸು ಕಂಕುಳಲ್ಲಿ ಇಟ್ಕೊಂಡು ಹತ್ತಬಹುದು. ಗಂಡಸಿನ ಸೊಂಟ ಮುರಿಯೋ ಮಿಕ್ಸ್ ಯಾವ ಊರಲ್ಲಿದೆ? ಅದು ಬೀದಿ ಕೊನೇಲಿ ಪಾಯ ಅಗೀತಿದಾರಲ್ಲ, ಆ ಗುಂಡಿಯ ಜಿಗಟು ಮಣ್ಣು; ಅಂಗಡಿಗೆ ಹೋಗ್ತಾ ನೋಡ್ದೆ. ನೀರು ಹೋಗಲ್ಲ, ಗಾಳಿ ಆಡಲ್ಲ, ಬೇರು ಕೊಳೆಯುತ್ತೆ. ಕೊಳೆತ ಬೇರಿಗೆ ಎಲೆ ಬಾಡುತ್ತೆ. ಈ ಹುಚ್ಚಿ ಬಾಯಾರಿದೆ ಅಂತ ಇನ್ನಷ್ಟು ನೀರು ಹಾಕಿದ್ಲು."

ಅಣ್ಣ ಮೆಟ್ಟಿಲ ಕಡೆ ಒಂದು ಹೆಜ್ಜೆ ಸರಿದ.

"ಅಂಗಡಿಯವನಿಗೆ ನಿನ್ನ ಚೆನ್ನಾಗಿ ಗೊತ್ತಂತೆ ಕಣೋ. ನೀನು ಮಿಕ್ಸ್ ತಗೊಂಡೆ. ಹಗುರ ಇದೆ, ಗಾಳಿ ಮಾರಿ ಮೋಸ ಮಾಡ್ತೀಯಾ ಅಂತ ಬೈದು ಅದೇ ಸಂಜೆ ವಾಪಸ್ ಕೊಟ್ಟೆ. ಹರಿದಿದ್ದ ಒಂದು ಚೀಲ ಮಾತ್ರ ಅವನು ತಗೊಳ್ಳಲಿಲ್ಲ. ಪುದೀನ ಬದುಕಿದ್ದು ಅದರಿಂದ. ಎಲೆ ಹಳದಿಯಾದಾಗ ನಿನಗೆ ಅರ್ಥ ಆಯ್ತು. ಹೆಂಡತಿ ಕೇಳಿದ್ರೆ ಏನು ಹೇಳ್ಲಿ ಅಂತ ಯೋಚಿಸ್ದೆ. ಬಾಟಲಿ ಕೊಂಡೆ, ಟ್ಯಾಂಕಿನ ಹಿಂದೆ ಇಟ್ಟೆ, ಪ್ರವಾಸ ಹೊರಟೆ. ಗಿಡದ ಹೆಣ ತಮ್ಮನ ಹೆಂಡತಿ ತಲೆಗೆ, ಮಹಡಿ ನಿನ್ನ ಕೈಗೆ! ಬಾಟಲಿ ಕೊಳ್ಳುವಾಗ ಅಂಗಡಿಯವನನ್ನ ಏನು ಕೇಳಿದ್ಯಂತೆ? ನೀನೇ ಹೇಳ್ತೀಯೋ, ನಾನು ಹೇಳ್ಲೋ?"

ಅಣ್ಣ ಬಾಟಲಿಗೆ ಕೈ ಚಾಚಿದ. ಅತ್ತೆ ಕೊಡಲಿಲ್ಲ.

"ಸೀಲು ಒಡೀದೆ ಇದ್ರೆ ವಾಪಸ್ ತಗೋತೀರಾ ಅಂತ! ಸುಳ್ಳು ಸಾಕ್ಷಿಗೂ ಅರ್ಧ ಬಾಟಲಿ ಚೆಲ್ಲೋಕೆ ಕೈ ಬರ್ಲಿಲ್ಲ ನಿನಗೆ. ನನ್ನ ಕಾಲದಲ್ಲಿ ಎಂತೆಂಥಾ ಕೊಲೆಗಾರರನ್ನ ನೋಡಿದೀನಿ. ಅವರು ಕೊನೇಪಕ್ಷ ಒಂದು ಕತ್ತೀನಾದ್ರೂ ಖರ್ಚು ಮಾಡ್ತಿದ್ರು. ಥೂ!"

"ಮಣ್ಣು ಮಣ್ಣೇ ಅಲ್ವಾ ಅತ್ತೆ... ಮಣ್ಣಿಗೂ ದುಡ್ಡು ಕೊಡ್ಬೇಕಾ..." ಎಂದು ಅವನು ಗೊಣಗಿದ.

ಹಿರಿಯ ಸೊಸೆ ಗಂಡನನ್ನು ದಾಟಿ ಓರಗಿತ್ತಿಯ ಹತ್ತಿರ ಹೋಗಿ ಕೈ ಹಿಡಿದಳು.

"ತಪ್ಪಾಯ್ತು ಕಣೇ. ನೀವೆಲ್ಲೂ ಹೋಗ್ಬೇಡಿ. ಈ ಮನುಷ್ಯನ ಮಾತು ಹಿಡ್ಕೋಬೇಡ."

ಕಿರಿಯವಳು ಕೈ ಬಿಡಿಸಿಕೊಳ್ಳಲಿಲ್ಲ. ಮೆಲ್ಲಗೆ ಹೇಳಿದಳು: "ಭಾವನ ಮಾತು ಬಿಡಿ ಅಕ್ಕ. ಅವರು ಎಂಥವರು ಅಂತ ಬೀದಿಗೇ ಗೊತ್ತು. ನೀವು ನಂಬಿದ್ರಲ್ಲ. ಇಷ್ಟು ವರ್ಷ ಒಂದೇ ಅಡುಗೆಮನೇಲಿ ಇದ್ವಿ. ಹೌದಾ, ನೀನೇ ಮಾಡಿದ್ಯಾ ಅಂತ ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

ಹಿರಿಯವಳು ಹಿಡಿದ ಕೈಯನ್ನು ತಾನೇ ಬಿಟ್ಟಳು.

"ನಾವು ತಿಂಗಳ ಕೊನೆವರೆಗೂ ಕಾಯಲ್ಲ. ನಾಳೆನೇ ಮನೆ ಹುಡುಕ್ತೀವಿ ಅಕ್ಕ," ಎಂದು ಅವಳು ಮೆಟ್ಟಿಲಿಳಿದಳು. ತಮ್ಮ ಅಣ್ಣನ ಮುಖ ನೋಡಿದ, ಅತ್ತೆಯ ಮುಖ ನೋಡಿದ, ಕೊನೆಗೆ ಸೊಂಟ ಹಿಡಿದುಕೊಂಡು ಹೆಂಡತಿಯ ಹಿಂದೆ ಹೋದ.

ಎಲ್ಲರಿಗೂ ಒಂದೊಂದು ಚುಚ್ಚುಮಾತು ಇಟ್ಟುಕೊಂಡಿದ್ದ ಅತ್ತೆಗೆ ಹಿರಿಯ ಸೊಸೆಗೆ ಹೇಳಲು ಏನೂ ಹೊಳೆಯಲಿಲ್ಲ. ಹೋಗುತ್ತ ಹೋಗುತ್ತ "ಅಕ್ಕ" ಎಂದಾಗ ಕಿರಿಯವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಹಿರಿಯ ಸೊಸೆಗೆ ತಡೆಯಲಾಗದೆ ಹೋದದ್ದು ಅದೇ. ಅವಳು ತಾರಸಿಯ ನೆಲದ ಮೇಲೆ ಕೂತು, ಗಂಡ ಎದುರಿಗೆ ನಿಂತಿದ್ದಾನೆಂಬುದನ್ನೂ ಮರೆತು, ಅಳತೊಡಗಿದಳು.