ಕೇಳದೇ ಹಾಕಿದ ಬೆಸುಗೆ

ಮಂಗಳವಾರ ಬೆಳಿಗ್ಗೆ 10.15ಕ್ಕೆ ಠಾಣೆಗೆ ಬಂದ ಹೆಂಗಸು ಹಳದಿ ಹೆಲ್ಮೆಟ್ಟನ್ನು ಇನ್‌ಸ್ಪೆಕ್ಟರರ ಮೇಜಿನ ಮೇಲಿಟ್ಟು ಕೂತರು. ಬಾಯ್ಲರ್ ಕಾರ್ಖಾನೆಯಲ್ಲಿ ವೆಲ್ಡಿಂಗ್ ಇಂಜಿನಿಯರ್. ಕೆಲಸಕ್ಕೆ ಸೇರಿ ಮೂರು ತಿಂಗಳು.

"ಏನು ಕಳುವಾಗಿದೆ?"

"ಏನೂ ಇಲ್ಲ."

"ಯಾರಾದ್ರೂ ಏನಾದ್ರೂ ಮುರಿದ್ರಾ?"

"ಇಲ್ಲ ಸರ್. ರಿಪೇರಿ ಮಾಡಿದ್ದಾರೆ."

ಇನ್‌ಸ್ಪೆಕ್ಟರ್ ಪೆನ್ನಿಗೆ ಮುಚ್ಚಳ ಹಾಕಿದರು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಇಂಥ ದೂರು ಅವರ ಕಿವಿಗೆ ಬಿದ್ದಿರಲಿಲ್ಲ.

ಇಂಜಿನಿಯರಮ್ಮ ಬಿಡಿಸಿ ಹೇಳಿದರು. ತಯಾರಾಗುತ್ತಿರುವ ಒಂದು ಬಾಯ್ಲರಿನ ಬೆಸುಗೆಯಲ್ಲಿ ದೋಷ ಕಂಡು, ಶನಿವಾರ ಅದರ ಸುತ್ತ ಕೆಂಪು ಗುರುತು ಹಾಕಿದ್ದರು. ಸೋಮವಾರ ಊಟ ಮುಗಿಸಿ ಬರುವಷ್ಟರಲ್ಲಿ ಗುರುತು ಮಾಯ. ಯಾರೋ ಗೇಣುದ್ದ ಜಾಗವನ್ನು ಉಜ್ಜಿ ಹೊಸದಾಗಿ ಬೆಸೆದಿದ್ದರು. ಹಿಂದಿನ ವಾರವೂ ಹೀಗೇ ಆಗಿತ್ತು.

"ಪುಕ್ಕಟೆ ಕೆಲಸ ಮಾಡ್ಕೊಟ್ರೆ ನಿಮಗೇನು ಕಷ್ಟ ತಾಯಿ?"

"ಈ ಬಾಯ್ಲರ್ ಆಸ್ಪತ್ರೆಗೆ ಹೋಗುತ್ತೆ. ಅದನ್ನ ಇಡೋ ಗೋಡೆಯ ಆಚೆ ಹೆರಿಗೆ ವಾರ್ಡು. ಆವಿ ತುಂಬಿದ ಮೇಲೆ ಕೂದಲೆಳೆಯಷ್ಟು ಬಿರುಕಿದ್ರೂ ಸಾಕು. ಕಬ್ಬಿಣ ಎಷ್ಟು ಬಿಸಿ ಮಾಡಿದ್ರು, ಯಾವ ವೆಲ್ಡಿಂಗ್ ಕಡ್ಡಿ ಉರಿಸಿದ್ರು, ನನಗೊಂದೂ ಗೊತ್ತಿಲ್ಲ. ಸಹಿ ಮಾತ್ರ ನಂದು."

ಇನ್‌ಸ್ಪೆಕ್ಟರ್ ಮತ್ತೆ ಪೆನ್ನು ಬಿಚ್ಚಿದರು. ಅಕ್ರಮ ಪ್ರವೇಶ ಮತ್ತು ತಯಾರಿಕೆಯಲ್ಲಿ ಹಸ್ತಕ್ಷೇಪವೆಂದು ಎಫ್‌ಐಆರ್ ದಾಖಲಾಯಿತು.

11.40ಕ್ಕೆ ಸ್ಥಳ ಪಂಚನಾಮೆ. ಎತ್ತರದಿಂದಾಗಿ ಲಂಬು ಎಂದೇ ಹೆಸರಾದ ಕಾನ್‌ಸ್ಟೆಬಲ್ ಬಾಯ್ಲರಿನೊಳಗೆ ಮೂರು ಮಡಿಕೆಯಾಗಿ ಕೂತು ಟಾರ್ಚು ಹಿಡಿದ. ಇಂಜಿನಿಯರಮ್ಮ ಬೆಸುಗೆಯ ಮೇಲಿನ ಸಣ್ಣ ಅಲೆಗಳನ್ನು ತೋರಿಸಿದರು.

"ನಮ್ಮವರೆಲ್ಲ ಎಡದಿಂದ ಬಲಕ್ಕೆ ಎಳೀತಾರೆ. ಇದು ಬಲದಿಂದ ಎಡಕ್ಕೆ ಬಂದಿದೆ. ಎಡಗೈಯವರ ಕೆಲಸ. ನಮ್ಮಲ್ಲಿ ಎಡಗೈಯವರು ಯಾರೂ ಇಲ್ಲ."

ಕಸದ ಡಬ್ಬಿಯಲ್ಲಿ ಲಂಬುವಿಗೆ ವೆಲ್ಡಿಂಗ್ ಕಡ್ಡಿಯ ನಾಲ್ಕು ತುಂಡು ಸಿಕ್ಕವು. ಉಳಿದವರು ಬೆರಳುದ್ದ ಬಿಟ್ಟು ಎಸೆದಿದ್ದರೆ, ಈ ನಾಲ್ಕು ಉಗುರಿನಷ್ಟಾಗುವವರೆಗೆ ಉರಿದಿದ್ದವು. ಅವನ್ನು ನೋಡುತ್ತಲೇ, ಕಡ್ಡಿಗಳ ಲೆಕ್ಕ ಇಡುವ ಸ್ಟೋರ್ ಕೀಪರನ ಮುಖ ಅರಳಿತು.

"ಇಷ್ಟು ಜಿಪುಣತನ ಒಬ್ಬರದೇ ಸರ್. ಎಡಚ ಮೇಸ್ತ್ರಿ. ರಿಟೈರಾಗಿ ನಾಲ್ಕು ತಿಂಗಳಾಯ್ತು. ಅವರಳಿಯ ಇಲ್ಲೇ ವೆಲ್ಡರು. ಮಾವನೇ ದಿನಾ ಊಟ ತಂದುಕೊಡೋದು."

ಕೆಂಪು ಗುರುತು ಬಿದ್ದಿದ್ದು ಆ ಅಳಿಯನ ಬೆಸುಗೆಗೇ. ಅವನನ್ನು ಕರೆಸಿದರು.

"ರಿಪೇರಿ ಮಾಡಿದ್ದು ಯಾರು?"

"ಗೊತ್ತಿಲ್ಲ ಸರ್. ನೋಡಿ ನಾನೇ ಕಕ್ಕಾಬಿಕ್ಕಿಯಾದೆ."

"ದೋಷ ಸಿಕ್ಕಿದ್ದನ್ನ ಯಾರಿಗೆ ಹೇಳಿದ್ರಿ?"

"ಮನೇಲಿ, ಊಟಕ್ಕೆ ಕೂತಾಗ. ಮಾವನಿಗೆ ಅನ್ನ ಗಂಟಲಲ್ಲಿ ಇಳೀಲಿಲ್ಲ."

ಪೊಲೀಸರು ಬಂದದ್ದನ್ನು ಮನೆಯಲ್ಲಿ ಹೇಳಕೂಡದೆಂದು ಅಳಿಯನಿಗೆ ತಾಕೀತು ಮಾಡಿದ ಇನ್‌ಸ್ಪೆಕ್ಟರ್, ಬಲೆ ಬೀಸಲು ಅವನ ಕೆಲಸದ ಮೇಲೆ ಇನ್ನೊಂದು ಕೆಂಪು ಗುರುತು ಹಾಕಿ ಎಂದರು. "ಸುಮ್ಮಸುಮ್ಮನೆ ಹಾಕಲ್ಲ ಸರ್," ಎಂದ ಇಂಜಿನಿಯರಮ್ಮ ಇಪ್ಪತ್ತು ನಿಮಿಷ ಹುಡುಕಿ, ನಿಜವಾದ ದೋಷವನ್ನೇ ಕಂಡುಹಿಡಿದು ಹಾಕಿದರು.

ಬುಧವಾರ 12.30ಕ್ಕೆ ಎಲ್ಲರೂ ಕ್ಯಾಂಟೀನಿಗೆ ಹೋದರು. ಬಾಯ್ಲರಿನ ತೆರೆದ ಬಾಯಿ ಕಾಣುವಂತೆ ಉಕ್ಕಿನ ಹಾಳೆಗಳ ಹಿಂದೆ ಇನ್‌ಸ್ಪೆಕ್ಟರ್, ಲಂಬು, ಇಂಜಿನಿಯರಮ್ಮ ಮೂವರೂ ಅಡಗಿ ಕೂತರು. 12.38ಕ್ಕೆ ಕ್ಯಾರಿಯರ್ ಹಿಡಿದ ಮುದುಕರೊಬ್ಬರು ಅತ್ತಿತ್ತ ನೋಡದೆ, ಸ್ವಂತ ಮನೆಗೆ ಬಂದಂತೆ ನಡೆದು ಬಂದರು. ಬಾಯ್ಲರಿನೊಳಗೆ ಇಳಿದು ದೋಷದ ಜಾಗವನ್ನು ಉಜ್ಜಿದರು, ಬರ್ನರಿನಿಂದ ಬಿಸಿ ಮಾಡಿದರು, ಅಂಗೈ ಹತ್ತಿರ ಹಿಡಿದು ಕಾವು ನೋಡಿದರು. ಆಮೇಲೆ ಕಿಡಿ ಹೊತ್ತಿತು.

ಇನ್‌ಸ್ಪೆಕ್ಟರ್ ಏಳಹೊರಟರು. ಇಂಜಿನಿಯರಮ್ಮ ಅವರ ತೋಳು ಹಿಡಿದರು.

"ಒಂದ್ನಿಮಿಷ. ಕಡ್ಡಿ ಮುಗೀಲಿ. ನಡುವೆ ನಿಲ್ಲಿಸಿದ್ರೆ ಬೆಸುಗೆ ಕೆಡುತ್ತೆ."

"ಅಮ್ಮಾ, ಅವರು ಆರೋಪಿ."

"ಗೊತ್ತು ಸರ್. ಆದ್ರೂ."

ಹೀಗಾಗಿ ಕಾನೂನು ಕಪ್ಪು ಗಾಜು ಹಿಡಿದು ಕಾಯಿತು. ಗಾಜಿಲ್ಲದೆ ಇಣುಕಿದ ಲಂಬುವಿನ ಕಣ್ಣಲ್ಲಿ ಧಾರಾಕಾರ ನೀರು. 1.04ಕ್ಕೆ ಕಡ್ಡಿ ಉಗುರಿನಷ್ಟಾಯಿತು. ಮೇಸ್ತ್ರಿ ಮುಖವಾಡ ಎತ್ತಿದರು. ಎದುರಿಗೆ ಪೊಲೀಸರು.

"ಬಂಧಿಸ್ತಿದ್ದೀನಿ ಯಜಮಾನ್ರೇ."

"ಆಗಲಿ. ಆ ಕ್ಯಾರಿಯರ್ ಅಳಿಯನಿಗೆ ಕೊಟ್ಬಿಡಿ, ಆರಿ ಹೋಗುತ್ತೆ. ಯಾಕಪ್ಪಾ, ಇವರು ಅಳ್ತಿದ್ದಾರೆ?"

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಇನ್‌ಸ್ಪೆಕ್ಟರರೇ ಅವರಿಗೆ ಚಹಾ ತರಿಸಿದರು.

"ಅಳಿಯನ ಕೆಲಸ ಉಳಿಸೋಕೆ ಮಾಡಿದ್ರಾ?"

"ಹಾಗಂತಲೇ ಬರ್ಕೊಳ್ಳಿ." ಮೇಸ್ತ್ರಿ ಲೋಟವನ್ನು ಎಡಗೈಯಲ್ಲಿ ತಿರುಗಿಸಿದರು. "ಬೇಡ, ನಿಜ ಬರ್ಕೊಳ್ಳಿ. ನಾಲ್ಕು ತಿಂಗಳಿಂದ, ಆ ಕ್ಯಾರಿಯರ್ ಒಂದನ್ನುಳಿದು, ಮನೇಲಿ ಒಂದು ಲೋಟ ಎತ್ತೋಕೂ ಬಿಟ್ಟಿಲ್ಲ ನನ್ನ. 'ಆರಾಮಾಗಿರಿ' ಅಂತಾಳೆ ಹೆಂಡತಿ, 'ಕೂತ್ಕೊಳ್ಳಿ' ಅಂತಾಳೆ ಮಗಳು. ಮೂವತ್ತೈದು ವರ್ಷ ಬೆಂಕಿ ಹಿಡಿದ ಕೈ ಸರ್, ಟೀವಿ ರಿಮೋಟ್ ಹಿಡ್ಕೊಂಡು ಕೂತಿತ್ತು. ತನ್ನ ತಪ್ಪು ಕೇಳಿ ನನಗೆ ಬೇಜಾರಾಯ್ತು ಅಂತ ಅಳಿಯ ಅನ್ಕೊಂಡ. ಒಳಗೊಳಗೇ ಖುಷಿಯಾಗಿತ್ತು ನನಗೆ."

ಇನ್‌ಸ್ಪೆಕ್ಟರ್ ಅದನ್ನು ಹಾಗೇ ಬರೆದುಕೊಂಡರು, ಒಂದಕ್ಷರ ಬಿಡದೆ.

ಸಂಜೆ 5.20ಕ್ಕೆ ಜಾಮೀನಿಗೆಂದು ಹೆಂಡತಿ, ಮಗಳು, ಅಳಿಯ ಒಟ್ಟಿಗೇ ಬಂದರು. ಮೇಸ್ತ್ರಿಗೆ ಪೊಲೀಸರಿಗಿಂತ ಅವರದೇ ಹೆದರಿಕೆ. ತಮ್ಮ ಹೇಳಿಕೆಗೆ ಸಹಿ ಮಾಡಲು ಬಂದ ಇಂಜಿನಿಯರಮ್ಮನನ್ನು ಮೇಸ್ತ್ರಿ ಮೆಲ್ಲಗೆ ಕರೆದರು.

"ಸೋಮವಾರದ ಬೆಸುಗೆಗೆ ಎಕ್ಸ್‌ರೇ ತೆಗೆಸಿದ್ರಾ?"

"ತೆಗೆಸಿದೆ. ಒಳಗೆ ಒಂದು ಗುಳ್ಳೆಯೂ ಇಲ್ಲ. ನಾನು ಇಷ್ಟು ಒಳ್ಳೇ ಬೆಸುಗೆ ನೋಡಿಲ್ಲ."

ಮುದುಕರ ಬೆನ್ನು ನೆಟ್ಟಗಾಯಿತು.

"ಆದ್ರೂ ನೀವು ಬೆಸೆದಿದ್ದನ್ನೆಲ್ಲ ಮಧ್ಯಾಹ್ನ ಕತ್ತರಿಸಿ ತೆಗೆಸಿದೆ. ದಾಖಲೆ ಇಲ್ಲದ್ದನ್ನ ಉಳಿಸೋಕಾಗಲ್ಲ."

ಮಗಳು ಅಪ್ಪನ ಮುಖ ನೋಡಿದಳು. ಮೇಸ್ತ್ರಿ ಗದ್ದ ತುರಿಸಿಕೊಂಡರು.

"ಎಷ್ಟು ಆಳ ತೆಗೆಸಿದ್ರಿ?"

"ಬುಡದವರೆಗೂ."

"ಹಾಗಾದ್ರೆ ಸರಿ," ಎಂದರು ಅವರು, ಚಪ್ಪಲಿ ಮೆಟ್ಟುತ್ತ. "ಅರ್ಧಕ್ಕೆ ಬಿಟ್ಟಿದ್ರೆ ನಿಮ್ಮ ಮೇಲೆ ನಾನೇ ದೂರು ಕೊಡ್ತಿದ್ದೆ."