ಮೂರು ಗಂಟೆಗೆ ಮುಂಚೆ ಗೊತ್ತಾದ ಸ್ಕೋರು

"ಟಿಕೆಟ್ ಹರಿಯೋರಿಗೆಲ್ಲ ಬಾಸ್ಕೆಟ್‌ಬಾಲ್ ಬಗ್ಗೆ ಏನ್ರೀ ಗೊತ್ತು?"

ಮಾತು ಬಾಯಿಂದ ಜಾರಿದ ಮೇಲೆ ರಕ್ಷಾ ನಾಲಿಗೆ ಕಚ್ಚಿಕೊಂಡಳು. ಕಂಡಕ್ಟರ್ ಅವಳ ಸೀಟಿನ ಪಕ್ಕದಲ್ಲೇ ನಿಂತಿದ್ದ!

ಅದು ಶಿರಾದಿಂದ ಹೊರಟು ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಬೆಳಗಿನ ಮೊದಲ ಬಸ್ಸು. ಮಧುಗಿರಿಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಅವಳಿಗೆ ಮೂರನೇ ದಿನ. ಮುಂದಿನ ಸೀಟಿನಲ್ಲಿದ್ದ ಟಿವಿ ರಿಪೇರಿಯ ನದೀಮನೂ ಈ ಕಂಡಕ್ಟರ್ ಅಶ್ವತ್ಥನೂ ಬಸ್ಸು ಹೊರಟಾಗಿನಿಂದ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನ ಕೊನೇ ಹಂತದ ಪ್ಲೇಆಫ್ ಪಂದ್ಯಗಳನ್ನು ಹಿಡಿದು ಜಗ್ಗಾಡುತ್ತಿದ್ದರು. ಕಾಲೇಜಿನಲ್ಲಿದ್ದಾಗ ಜಿಲ್ಲಾ ತಂಡಕ್ಕೆ ಆಡಿದ್ದ ರಕ್ಷಾಳಿಗೆ ಕೇಳಿಸಿಕೊಂಡು ಸುಮ್ಮನಿರಲು ಆಗಲಿಲ್ಲ. ಸುಮ್ಮನಿದ್ದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ ಬಿಡಿ.

ಅಶ್ವತ್ಥ ಕೋಪ ಮಾಡಿಕೊಳ್ಳಲಿಲ್ಲ. ಅವಳ ಆಧಾರ್ ಕಾರ್ಡ್ ನೋಡಿ, ಮಹಿಳೆಯರ ಶೂನ್ಯ ಟಿಕೆಟ್ ಕೊಟ್ಟು ಹೇಳಿದ.

"ನಂಗೆ ಅಷ್ಟೇನ್ ಗೊತ್ತಿಲ್ಲ ಮೇಡಂ. ಆದ್ರೆ ಹಸಿರಂಗಿಯೋರು ವಯಸ್ಸಾದೋರು. ಮೂರು ಕ್ವಾರ್ಟರ್ ಸೋತಂಗೆ ಆಡ್ತಾರೆ, ನಾಲ್ಕನೇದಕ್ಕೆ ಉಸಿರು ಉಳಿಸ್ಕಂಡಿರ್ತಾರೆ. ನೀವೇ ನೋಡಿ, ಬೇಕಾದ್ರೆ."

ರಕ್ಷಾಳ ಕೆನ್ನೆ ಬಿಸಿಯಾಯಿತು. ಏಕೆಂದರೆ ಅವನು ಹೇಳಿದ್ದು ಸರಿಯಾಗಿತ್ತು!

ಆ ಅಮೆರಿಕದ ತಂಡಗಳಿಗೆ ಅವರದೇ ಹೆಸರುಗಳಿವೆ. ಆದರೆ ಮಧುಗಿರಿ ಬಸ್ ನಿಲ್ದಾಣದ ಹಿಂದಿರುವ ನದೀಮನ ಅಂಗಡಿಯಲ್ಲಿ ಅವೆಲ್ಲ ಹಸಿರಂಗಿ, ನೀಲಿಯಂಗಿ, ಅಷ್ಟೇ. ಪಂದ್ಯ ನಡೆಯುವುದು ನಮ್ಮ ಬೆಳಗಿನ ಆರು ಗಂಟೆಗೆ. ಆಗ ಅಶ್ವತ್ಥ ಬಸ್ಸಿನಲ್ಲಿ, ನದೀಮ್ ಸೀಟಿನಲ್ಲಿ, ಪಕ್ಕದ ಟೀ ಅಂಗಡಿಯ ಕಮಲಾಕ್ಷಮ್ಮ ಒಲೆಯ ಮುಂದೆ. ಅದಕ್ಕೇ ಅವರೊಂದು ಪದ್ಧತಿ ಮಾಡಿಕೊಂಡಿದ್ದರು. ಮಧ್ಯಾಹ್ನ ಮೂರು ಗಂಟೆಯವರೆಗೆ ಯಾರೂ ಸ್ಕೋರ್ ನೋಡುವಂತಿಲ್ಲ. ಅಂಗಡಿಯಲ್ಲಿದ್ದ ಹಳೇ ಚೆಂಡಿನ ಮೇಲೆ ಕೈಯಿಟ್ಟು ಆಣೆ! ಮೂರಕ್ಕೆ ಸರಿಯಾಗಿ ಎಲ್ಲರೂ ಸೇರಿ, ಯಾರು ಗೆಲ್ಲುತ್ತಾರೆಂದು ವಾದ ಮಾಡಿ, ಆಮೇಲೆ ರೆಕಾರ್ಡಿಂಗ್ ಹಾಕಬೇಕು. ವಾರದಲ್ಲಿ ಹೆಚ್ಚು ಸಲ ತಪ್ಪು ಹೇಳಿದವರು ಶುಕ್ರವಾರ ಗೊರವನಹಳ್ಳಿಯ ಲಕ್ಷ್ಮಿ ಗುಡಿಗೆ ಹೋಗಿ ಗೆದ್ದ ತಂಡದ ಹೆಸರಿನಲ್ಲಿ ಅರ್ಚನೆ ಮಾಡಿಸಬೇಕು.

ಲ್ಯಾಬಿನ ಬೆಳಗಿನ ಪಾಳಿ ಮುಗಿಸಿ ರಕ್ಷಾ ಅಲ್ಲಿಗೆ ಹೋಗಿದ್ದು ಕ್ಷಮೆ ಕೇಳಲೆಂದು. ಉಳಿದುಕೊಂಡಿದ್ದು ಅಶ್ವತ್ಥನ ದನಿಗೆ!

ನದೀಮ್ ಟಿವಿಯ ಇಂಗ್ಲಿಷ್ ದನಿಯನ್ನು ಪೂರ್ತಿ ಮುಚ್ಚಿಬಿಡುತ್ತಿದ್ದ. ಅಶ್ವತ್ಥ ಸ್ಟೂಲಿನ ತುದಿಯಲ್ಲಿ ಕುಳಿತು ಕಾಮೆಂಟರಿ ಶುರು ಮಾಡುತ್ತಿದ್ದ. "ಚೆಂಡು ಬಲಕ್ಕೆ... ಇಬ್ರು ಅಡ್ಡ ಬಂದ್ರು... ಸಂದೀಲಿ ನುಗ್ಗಿದ ನೋಡ್ರಪ್ಪ, ಜಾತ್ರೇಲಿ ಕಳ್ಳ ನುಗ್ಗಿದಂಗೆ!" ಕಮಲಾಕ್ಷಮ್ಮನ ಗಿರಾಕಿಗಳು ಗ್ಲಾಸು ಹಿಡಿದು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

'ಈ ದನಿ ನನ್ನ ಹೆಸರು ಹೇಳಿದರೆ ಹೇಗಿರುತ್ತೆ?' ರಕ್ಷಾ ಯೋಚಿಸಿದಳು. ಯೋಚಿಸಿದ್ದಕ್ಕೆ ತನ್ನ ಮೇಲೇ ಮುನಿಸಿಕೊಂಡಳು.

ಮೊದಲ ಎರಡು ದಿನವೂ ಅವಳ ಊಹೆ ತಪ್ಪಾಯಿತು. ಅಶ್ವತ್ಥ ಅದನ್ನು ಹಂಗಿಸಲಿಲ್ಲ. ಆದರೆ ಅವನು ವಾದಕ್ಕೆ ತಿರುಗಿದ್ದು ನದೀಮನ ಕಡೆಗೆ, ಅವಳ ಕಡೆಗಲ್ಲ. ಅದು ಅವಳಿಗೆ ಚುಚ್ಚಿತು.

ಮೂರನೇ ದಿನ ಲ್ಯಾಬಿನಲ್ಲಿ ರಕ್ತದ ಟ್ಯೂಬುಗಳು ಯಂತ್ರದಲ್ಲಿ ತಿರುಗುತ್ತಿದ್ದವು. ಐದು ನಿಮಿಷ ಬೇರೆ ಕೆಲಸವಿರಲಿಲ್ಲ. ಫೋನು ಜೇಬಿನಲ್ಲೇ ಇತ್ತು...

'ಒಂದೇ ಒಂದು ಸಲ,' ಅಂದುಕೊಂಡಳು.

ಮಧ್ಯಾಹ್ನ ಮೂರಕ್ಕೆ ಹಳೇ ಚೆಂಡಿನ ಮೇಲೆ ಕೈಯಿಟ್ಟು, "ಇವತ್ತು ನೀಲಿಯವರು. ಹತ್ತು ಪಾಯಿಂಟ್ ಒಳಗೆ," ಎಂದಳು. ಎಂಟು ಪಾಯಿಂಟಿಗೆ ನೀಲಿಯವರು ಗೆದ್ದರು. ಅಶ್ವತ್ಥ ಸ್ಟೂಲಿನಿಂದ ಎದ್ದೇಬಿಟ್ಟ!

"ಹೆಂಗೆ ಹೇಳ್ಬುಟ್ರಿ ಮೇಡಂ? ಏನ್ ಕಣ್ಣು ರೀ ನಿಮ್ದು!"

ಆ ನೋಟ! ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಹಾಗೆ ನೋಡಿರಲಿಲ್ಲ. ಅದು ಇನ್ನೊಂದು ಸಲ ಬೇಕೆನಿಸಿತು. ಮರುದಿನವೂ ಯಂತ್ರ ತಿರುಗಿತು, ಫೋನು ಜೇಬಿನಿಂದ ಹೊರಗೆ ಬಂತು.

ಹೀಗೆ ಒಂದು ತಿಂಗಳು. 'ಮೇಡಂ' ಹೋಗಿ 'ರಕ್ಷಾ' ಆಯಿತು. ಕಾಮೆಂಟರಿ ಚೆನ್ನಾಗಿತ್ತು ಎಂದು ದಿನಾ ಹೇಳಿಯೇ ಅವಳು ಹೊರಡುತ್ತಿದ್ದಳು. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಅವಳಿಗೆಂದೇ ಖಾಲಿ ಇರತೊಡಗಿತು. ದಿನಾ ಅವಳೆದುರು ವಾದಿಸಿ ಸೋಲುತ್ತಿದ್ದ ಅಶ್ವತ್ಥ ಪ್ರತಿ ಶುಕ್ರವಾರ ಗೊರವನಹಳ್ಳಿಗೆ ಹೋಗಿ ಬಂದು ಪ್ರಸಾದ ಹಂಚಿ ನಗುತ್ತಿದ್ದ.

"ಅರ್ಚಕ್ರು ಗೋತ್ರ ಕೇಳಿದ್ರು. ನೀಲಿಯಂಗಿ ಗೋತ್ರ ಅಂದೆ. ಲಕ್ಷ್ಮಮ್ಮಂಗೂ ನನ್ನ ಮುಖ ಗುರ್ತಾಗೋಯ್ತು ಬುಡ್ರಿ."

ಎಲ್ಲರೂ ನಕ್ಕರು. ರಕ್ಷಾಳೂ ನಕ್ಕಳು, ಆದರೆ ಪ್ರಸಾದವನ್ನು ತಿನ್ನದೆ ಕಾಗದದಲ್ಲಿ ಮಡಚಿಟ್ಟಳು. ಅವನು ಮೆಚ್ಚಿರುವುದು ತನ್ನನ್ನಲ್ಲ, ತಾನು ಕದ್ದು ನೋಡಿದ ಸ್ಕೋರನ್ನು... ಇವತ್ತು ಹೇಳಿಬಿಡಬೇಕು ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುವಳು. ಮೂರು ಗಂಟೆಗೆ ಅವನ ಮುಖ ಕಂಡೊಡನೆ ಧೈರ್ಯ ಉಡುಗಿಹೋಗುವುದು.

ಅಷ್ಟರಲ್ಲಿ ಒಂದು ಸಂತೋಷದ ಸುದ್ದಿ ಬಂದಿತ್ತು. ನದೀಮ್ ಗುಟ್ಟಾಗಿ ಅಶ್ವತ್ಥನ ಕಾಮೆಂಟರಿಯ ವಿಡಿಯೋ ಬೆಂಗಳೂರಿನ ಒಂದು ಸ್ಪೋರ್ಟ್ಸ್ ಆ್ಯಪ್‌ನವರಿಗೆ ಕಳಿಸಿದ್ದ. ಮುಂದಿನ ಸೀಸನ್ನಿಗೆ ಕನ್ನಡದಲ್ಲಿ ಮಾತಾಡುವವರನ್ನು ಅವರು ಹುಡುಕುತ್ತಿದ್ದರು. ಮುಂದಿನ ಬುಧವಾರ ದನಿ ಪರೀಕ್ಷೆಗೆ ಬನ್ನಿ ಎಂದು ಅಶ್ವತ್ಥನಿಗೆ ಕರೆ ಬಂತು.

ಏಳು ಪಂದ್ಯಗಳ ಫೈನಲ್ಲಿನ ಆರನೇ ಪಂದ್ಯದ ದಿನ, ಶುಕ್ರವಾರ. ಹಸಿರಿನವರು ಮೂರು, ನೀಲಿಯವರು ಎರಡು ಗೆದ್ದಿದ್ದರು. ಮೂರು ಗಂಟೆಗೆ ರಕ್ಷಾ ಎಂದಿನಂತೆ, "ನೀಲಿಯವರು. ಮೂರು-ಮೂರು ಆಗುತ್ತೆ," ಎಂದಳು. ವಾದಕ್ಕೆ ಕಾದಳು.

ಅಶ್ವತ್ಥ ವಾದಿಸಲಿಲ್ಲ. "ರಕ್ಷಾ ಅಂದ್ಮೇಲೆ ಆಯ್ತು," ಎಂದವನೇ ನದೀಮನತ್ತ ತಿರುಗಿದ. "ಟಿವಿ ಸೌಂಡ್ ಜಾಸ್ತಿ ಮಾಡೋ."

"ಯಾಕೋ? ಕಾಮೆಂಟರಿ ಹೇಳಲ್ವಾ?"

"ಆಟಾನೇ ಓದಕ್ ಬರ್ದೇ ಇರೋನು ಏನ್ ಹೇಳದು? ತಿಂಗಳಿಂದ ಒಂದಾದ್ರೂ ಸರಿ ಹೇಳಿದೀನಾ?" ಅಶ್ವತ್ಥ ನಕ್ಕ. ಆ ನಗುವಿನಲ್ಲಿ ಏನೂ ಇರಲಿಲ್ಲ. "ಬೆಂಗ್ಳೂರ್‌ನೋರಿಗೆ ಫೋನ್ ಮಾಡ್ಬುಟ್ಟೆ. ನಾ ಬರಲ್ಲ, ನನ್ ಬದಲು ರಕ್ಷಾ ಬರ್ತಾರೆ ಅಂದಿದೀನಿ. ಇವ್ರಿಗೆ ಕಣ್ಣೈತೆ. ನಂಗಿರೋದು ಬರೀ ಬಾಯಿ."

ನದೀಮ್ ರಿಮೋಟ್ ಒತ್ತಿದ. ಅಂಗಡಿಯ ತುಂಬ ಇಂಗ್ಲಿಷ್ ತುಂಬಿಕೊಂಡಿತು. ಬಾಗಿಲಲ್ಲಿ ಗ್ಲಾಸು ಹಿಡಿದು ನಿಂತಿದ್ದವರು ಒಬ್ಬೊಬ್ಬರಾಗಿ ಹೊರಟುಹೋದರು.

ರಕ್ಷಾ ಖಾಲಿಯಾದ ಬಾಗಿಲನ್ನೇ ನೋಡಿದಳು. 'ಅಯ್ಯೋ... ಇವನ ದನಿಯನ್ನೇ ಕಿತ್ತುಕೊಂಡೆನಲ್ಲ ನಾನು!'

"ಆಫ್ ಮಾಡಿ ನದೀಮಣ್ಣ!" ಅವಳು ಕೂಗಿಬಿಟ್ಟಳು. "ನಂಗೆ ಯಾವ ಕಣ್ಣೂ ಇಲ್ಲ. ನಾನು... ನಾನು ಬೆಳಿಗ್ಗೇನೇ ಸ್ಕೋರ್ ನೋಡ್ಕೊಂಡು ಬರ್ತಿದ್ದೆ."

ಕಮಲಾಕ್ಷಮ್ಮನ ಕೈಯಲ್ಲಿದ್ದ ಟೀ ತಟ್ಟೆ ಅಲ್ಲೇ ನಿಂತಿತು.

"ತೌಬಾ ತೌಬಾ! ಚೆಂಡು ಮುಟ್ಟಿ ಆಣೆ ಮಾಡಿ?" ನದೀಮ್ ಕೇಳಿದ.

ಅಶ್ವತ್ಥ ಅವಳನ್ನೇ ನೋಡುತ್ತಿದ್ದ. "ಎಲ್ಲಾ ಮ್ಯಾಚೂನಾ?"

"ಮೊದ್ಲಿನೆರಡು ಬಿಟ್ಟು... ಎಲ್ಲಾ."

"ನಾ ಗೊರವನಹಳ್ಳಿಗೆ ಹೋಗ್ ಬಂದಾಗ್ಲೆಲ್ಲ... ನೀವು ನಗ್ತಿದ್ರಲ್ಲ ರಕ್ಷಾ?"

ಅಶ್ವತ್ಥ ಚೀಲ ಹೆಗಲಿಗೆ ಹಾಕಿಕೊಂಡ. "ಬತ್ತೀನಿ, ಡ್ಯೂಟಿ ಐತೆ," ಎಂದು ಇಳಿದುಹೋದ. ಅವನ ಡ್ಯೂಟಿ ಎರಡು ಗಂಟೆಗೇ ಮುಗಿದಿತ್ತು ಎಂದು ಎಲ್ಲರಿಗೂ ಗೊತ್ತಿತ್ತು.

ಆ ಸಂಜೆಯೇ ರಕ್ಷಾ ಬೆಂಗಳೂರಿನವರ ನಂಬರನ್ನು ನದೀಮನಿಂದ ಇಸಿದುಕೊಂಡು ಫೋನ್ ಮಾಡಿದಳು. ಇದ್ದದ್ದನ್ನು ಇದ್ದಂತೆ ಹೇಳಿದಳು. ಆ ಕಡೆಯವರು ನಕ್ಕು, "ಅವರೇ ಕರೆ ಮಾಡಲಿ. ಸೋಮವಾರ ಸಂಜೆಯವರೆಗೆ ಕಾಯ್ತೀವಿ," ಎಂದರು.

ಶನಿವಾರ ಬಸ್ಸಿನಲ್ಲಿ ಅವಳು ಅದನ್ನು ಹೇಳಿದಳು.

"ಸರಿ ಮೇಡಂ," ಎಂದ ಅಶ್ವತ್ಥ, ಟಿಕೆಟ್ ಯಂತ್ರ ನೋಡುತ್ತಲೇ. ಬಾಗಿಲ ಪಕ್ಕದ ಸೀಟಿನಲ್ಲಿ ಬೇರೆ ಯಾರೋ ಕುಳಿತಿದ್ದರು.

'ಮೇಡಂ'! ಅವಳು ಕಿಟಕಿಯ ಕಡೆ ಮುಖ ಮಾಡಿ ಮಧುಗಿರಿ ಬರುವವರೆಗೆ ಅತ್ತಳು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಸೋಮವಾರ. ಏಳನೇ ಪಂದ್ಯ, ಕೊನೆಯದು. ರಕ್ಷಾ ಲ್ಯಾಬಿಗೆ ರಜೆ ಹಾಕಿ ಅದೇ ಮೊದಲ ಬಸ್ಸು ಹತ್ತಿದಳು. ಅಶ್ವತ್ಥ ಹತ್ತಿರ ಬಂದಾಗ ಫೋನನ್ನು ಸ್ವಿಚ್ ಆಫ್ ಮಾಡಿ ಅವನ ಚರ್ಮದ ಚೀಲದೊಳಗೆ ಹಾಕಿದಳು.

"ಏನಿದು?"

"ಮೂರು ಗಂಟೆವರೆಗೂ ನಿಮ್ಮತ್ರಾನೇ ಇರ್ಲಿ. ನಾನೂ ನಿಮ್ಮ ಕಣ್ಣೆದುರಿಗೇ ಇರ್ತೀನಿ. ಪಾವಗಡಕ್ಕೊಂದು ಟಿಕೆಟ್ ಕೊಡಿ."

"ಪಾವಗಡದಲ್ಲಿ ಏನ್ ಕೆಲ್ಸ?"

"ಏನೂ ಇಲ್ಲ. ಹೋಗಿ ವಾಪಸ್ ಬರೋದು."

ಅವನು ಚೀಲದ ಗುಂಡಿ ಹಾಕಿದ. ಟಿಕೆಟ್ ಕೊಟ್ಟು ಮುಂದೆ ಹೋದ.

ಮಧುಗಿರಿ ದಾಟಿತು. ಪಕ್ಕದಲ್ಲಿ ಬಂದು ಕುಳಿತ ಅಜ್ಜಿ, "ಎಕ್ಕಡಿಕಮ್ಮಾ?" ಎಂದು ತೆಲುಗಿನಲ್ಲಿ ಕೇಳಿದಾಗ ಎಲ್ಲಿಗೆ ಎನ್ನಬೇಕೆಂದು ತಿಳಿಯದೆ ಅವಳು ಸುಮ್ಮನೆ ನಕ್ಕಳು.

ಪಾವಗಡ ನಿಲ್ದಾಣದಲ್ಲಿ ಗ್ರಹಚಾರ ಕಾದಿತ್ತು. ಅವಳು ನೀರು ಕುಡಿಯಲೆಂದು ಇಳಿದಾಗ, ಕಂಬದ ಬಳಿ ಇಬ್ಬರು ಯುವಕರು ಫೋನಿನ ಮೇಲೆ ಬಗ್ಗಿದ್ದರು. "ಮುಗೀತು ಮಚ್ಚಾ! ಕೊನೇ ಶಾಟ್ ನೋಡ್ದಾ? ಗೆದ್ದಿದ್ದು ಯಾರ್ ಗೊತ್ತಾ..."

ರಕ್ಷಾ ಎರಡೂ ಕೈಗಳಿಂದ ಕಿವಿ ಮುಚ್ಚಿದಳು. ಕಣ್ಣನ್ನೂ ಮುಚ್ಚಿದಳು. "ಲಲಲಲಾ..." ಎಂದು ಗಟ್ಟಿಯಾಗಿ ಹಾಡುತ್ತಾ ಬಸ್ಸಿನ ಹಿಂದಕ್ಕೆ ಓಡಿದಳು. ದಾರಿಯಲ್ಲಿ ಯಾರದೋ ಸೊಪ್ಪಿನ ಕುಕ್ಕೆ ಎಡವಿದಳು. ನಿಲ್ದಾಣಕ್ಕೆ ನಿಲ್ದಾಣವೇ ಬಾಯಿಬಿಟ್ಟು ನೋಡಿತು.

ಕಣ್ಣು ತೆರೆದಾಗ ಎದುರಿಗೆ ಅಶ್ವತ್ಥ. ಅವನ ತುಟಿ ನಡುಗುತ್ತಿತ್ತು... ಕೋಪಕ್ಕಲ್ಲ, ನಗುವಿಗೆ!

"ಹೋದ್ರು. ಕೈ ತೆಗೀರಿ," ಎಂದು ಸನ್ನೆ ಮಾಡಿದ.

"ನಂಗೇನೂ ಕೇಳಿಸ್ಲಿಲ್ಲ! ದೇವ್ರಾಣೆ!" ಅವಳು ಏದುಸಿರು ಬಿಡುತ್ತಾ ಹೇಳಿದಳು.

"ಗೊತ್ತು ಬುಡಿ. ಇಡೀ ಪಾವಗಡಕ್ಕೇ ಗೊತ್ತು." ಅವನ ನಗು ನಿಧಾನವಾಗಿ ಇಳಿಯಿತು. "ರಕ್ಷಾ, ಒಂದೇ ಒಂದ್ ಮಾತು ಕೇಳ್ತೀನಿ. ನನ್ ಕಾಮೆಂಟರಿ ಚೆನ್ನಾಗೈತೆ ಅಂತಿದ್ರಲ್ಲ... ಅದೂ ಸುಳ್ಳಾ?"

ಅವಳ ಕಣ್ಣು ತುಂಬಿತು. ಮೋಸ ಮಾಡಿದರೆ ಇಷ್ಟು ದೂರ ಹೋಗಿ ತಗಲುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಒಂದು ಸುಳ್ಳಿಗೆ ಅವನೀಗ ಅವಳ ನಿಜವನ್ನೂ ನಂಬಲಾಗದೆ ನಿಂತಿದ್ದ.

"ಅದೊಂದೇ ನಿಜ ಅಶ್ವತ್ಥ. ನಿಮ್ಮ ದನಿ ಕೇಳೋಕೇ ನಾನು ದಿನಾ ಬರ್ತಿದ್ದಿದ್ದು. ಸೋತ್ರೆ ನೀವು ನನ್ನ ಕಡೆ ತಿರುಗೋದೇ ಇಲ್ವೇನೋ ಅಂತ ಭಯ ಆಯ್ತು... ಅದಕ್ಕೆ ನೋಡ್ದೆ. ತಪ್ಪು. ಕ್ಷಮಿಸಿ ಅಂತ ಕೇಳೋಕೂ ನಾಚಿಕೆಯಾಗುತ್ತೆ."

ಡ್ರೈವರ್ ಅಡವಯ್ಯ ಹಾರ್ನ್ ಒತ್ತಿದ. ಅಶ್ವತ್ಥ ಬಸ್ಸು ಹತ್ತಿದ. ಆದರೆ ವಾಪಸು ಬರುವಾಗ ಬಾಗಿಲ ಪಕ್ಕದ ಸೀಟಿನ ಮೇಲೆ ಅವನ ಟವೆಲ್ ಹಾಸಿತ್ತು.

ಮೂರು ಗಂಟೆ. ಅಂಗಡಿಯಲ್ಲಿ ನಾಲ್ವರೂ ಚೆಂಡಿನ ಮೇಲೆ ಕೈಯಿಟ್ಟರು.

"ಹೇಳಮ್ಮ, ಇವತ್ತು ಯಾರು?" ಕಮಲಾಕ್ಷಮ್ಮ ಕೇಳಿದಳು.

"ನಿಜವಾಗ್ಲೂ ಗೊತ್ತಿಲ್ಲ ಕಮಲಾಕ್ಷಮ್ಮ. ಆದ್ರೂ... ನೀಲಿಯವರು. ಹುಡುಗ್ರು ಓಡ್ತಾರೆ, ತಪ್ಪಿ ಪುಟಿದ ಚೆಂಡು, ರೀಬೌಂಡು, ಅವರೇ ಜಾಸ್ತಿ ಹಿಡೀತಾರೆ."

"ನಾನ್ ಒಪ್ಪಲ್ಲ," ಎಂದ ಅಶ್ವತ್ಥ.

ಅಷ್ಟು ಸಾಕಿತ್ತು ಅವಳಿಗೆ. ಅವನು ವಾದಕ್ಕೆ ತಿರುಗಿದ್ದು ಅವಳ ಕಡೆಗೆ!

"ಎಷ್ಟ್ ಓಡ್ತಾರೆ? ಏಳನೇ ಮ್ಯಾಚಿಗೆ ಹುಡುಗ್ರ ಕಾಲೂ ಸೋಲ್ತವೆ. ಹಸಿರೋರು ನಾಲ್ಕನೇ ಕ್ವಾರ್ಟರ್‌ಗೆ ಉಸಿರು ಇಟ್ಕಂಡಿರ್ತಾರೆ, ನೋಡ್ತಿರಿ."

ಆಟ ಶುರುವಾಯಿತು, ಇಂಗ್ಲಿಷಿನಲ್ಲೇ. ಮೂರು ಕ್ವಾರ್ಟರ್ ಮುಗಿದಾಗ ನೀಲಿಯವರು ಹನ್ನೊಂದು ಪಾಯಿಂಟ್ ಮುಂದಿದ್ದರು. ರಕ್ಷಾ ಮನಸ್ಸಿನಲ್ಲೇ ಬೇಡಿಕೊಂಡಳು. 'ನಾನು ಸೋಲುವಂತಾಗಲಿ... ದಯವಿಟ್ಟು ಒಂದೇ ಒಂದು ಸಲ!'

ನಾಲ್ಕನೇ ಕ್ವಾರ್ಟರ್. ಹಸಿರಿನವರು ಎರಡು ಸಲ ಚೆಂಡು ಕಸಿದರು. ಅಶ್ವತ್ಥ ಸ್ಟೂಲಿನ ತುದಿಗೆ ಸರಿದ. ಅವನ ಬಾಯಿ ತಾನಾಗಿ ಅಲುಗಾಡಿತು. ರಕ್ಷಾ ಸದ್ದಿಲ್ಲದೆ ಕೈ ಚಾಚಿ, ನದೀಮನ ಪಕ್ಕದಲ್ಲಿದ್ದ ರಿಮೋಟ್ ತೆಗೆದುಕೊಂಡು ಟಿವಿಯ ದನಿ ಮುಚ್ಚಿದಳು.

ಅಶ್ವತ್ಥ ಅವಳ ಕಡೆ ನೋಡಿದ.

"ಹೇಳಿ," ಎಂದಳು ಅವಳು ಮೆಲ್ಲಗೆ. "ನಂಗೆ ಇಂಗ್ಲಿಷಲ್ಲಿ ಆಟ ಕಾಣ್ಸಲ್ಲ."

ಅವನು ಸ್ಟೂಲನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡ.

"ಚೆಂಡು ಎಡಕ್ಕೆ... ಮುದುಕಪ್ಪ ನಿಂತವ್ನೆ... ನಿಂತವ್ನೆ... ನೀಲಿ ಹುಡುಗ ಮೇಲ್ ಬಿದ್ದ, ಬುಡಲ್ಲ ಅಂದ... ಎಗರಿ ಎಸ್ದಾ ನೋಡ್ರಪ್ಪೋ! ಬಿತ್ತು! ಬಿತ್ತು!"

ಬಾಗಿಲಲ್ಲಿ ಗ್ಲಾಸುಗಳು ಸೇರಿದವು. ಕೊನೆಯ ಸೀಟಿ ಊದುವ ಹೊತ್ತಿಗೆ ಅರ್ಧ ಬಸ್ ನಿಲ್ದಾಣವೇ ಅಲ್ಲಿತ್ತು. ಹಸಿರಿನವರು ಎರಡು ಪಾಯಿಂಟಿಗೆ ಗೆದ್ದಿದ್ದರು!

"ಸೋತೆ!" ರಕ್ಷಾ ಎದ್ದು ಕುಣಿದಳು. "ನದೀಮಣ್ಣ, ನಾನು ಸೋತೆ!" ನಗುತ್ತಲೇ ಅಳು ಬಂತು.

ಸೋತು ಇಷ್ಟು ಖುಷಿಪಡುವವರನ್ನು ತಾನು ಕಂಡೇ ಇಲ್ಲ ಎಂದು ನದೀಮ್ ತಲೆ ಚಚ್ಚಿಕೊಂಡ. ಆಮೇಲೆ ತನ್ನ ಫೋನು ಅಶ್ವತ್ಥನ ಕೈಗಿಟ್ಟ. "ಬೆಂಗ್ಳೂರಿಗೆ ಹಚ್ಚಿದೀನಿ. ಮಾತಾಡೋ."

ಅಶ್ವತ್ಥ ಹೊರಗೆ ಹೋಗಿ ಮಾತಾಡಿ ಬಂದ. ಬುಧವಾರ ಹತ್ತು ಗಂಟೆಗೆ ಬರುತ್ತೇನೆಂದು ಒಪ್ಪಿಕೊಂಡಿದ್ದ. ಎಲ್ಲರೂ ಟೀಗೆ ಹೋದ ಮೇಲೆ ಅವನು ಚರ್ಮದ ಚೀಲದಿಂದ ಅವಳ ಫೋನು ತೆಗೆದು ಮುಂದೆ ಹಿಡಿದ.

"ಸಿಟ್ಟು ಹೋಯ್ತಾ?" ಅವಳು ಫೋನು ಮುಟ್ಟದೆ ಕೇಳಿದಳು.

"ಪೂರ್ತಿ ಹೋಗಿಲ್ಲ. ಸ್ವಲ್ಪ ಐತೆ."

"ಇರ್ಲಿ. ಕಾಯ್ತೀನಿ."

"ಶುಕ್ರವಾರ ಗೊರವನಹಳ್ಳಿಗೆ ಹೋಗ್ಬೇಕು ನೀನು. ಹಸಿರಂಗಿ ಹೆಸ್ರಲ್ಲಿ ಅರ್ಚನೆ."

ನೀನು! 'ಮೇಡಂ' ಅಲ್ಲ, 'ನೀವು' ಅಲ್ಲ.

"ಒಬ್ಳೇನಾ?"

"ಅರ್ಚಕ್ರಿಗೆ ನಿನ್ ಗುರ್ತಿಲ್ವಲ್ಲ," ಎಂದ ಅಶ್ವತ್ಥ, ಅವಳ ಕೈಗೆ ಫೋನಿಟ್ಟು, ಕೈಯನ್ನು ಬಿಡದೆ. "ನಾನೇ ಕರ್ಕಂಡೋಗಿ ಹೇಳ್ತೀನಿ... ಇಷ್ಟ್ ದಿನ ನಾನ್ ಬಂದಿದ್ದು ಇವಳಿಂದ್ಲೇ ಸ್ವಾಮಿ, ಅಂತ."